ಬಾಗಿಲು ದಾಟಿದ ನೆಲ

ಆ ಕಚೇರಿಯಲ್ಲಿ ಯಾರೂ ಯಾವ ವಸ್ತುವನ್ನೂ ಸುಮ್ಮನೆ ನೋಡುವಂತಿರಲಿಲ್ಲ. ಸೋಪು ಕಂಡರೆ ಅದರ ಹಿಂದಿನ ತಾಳೆ ತೋಟ ಕಾಣಬೇಕು, ಕಾಗದ ಕಂಡರೆ ಕಡಿದ ಕಾಡು ಕಾಣಬೇಕು, ಅಂಗಿ ಕಂಡರೆ ಹತ್ತಿಯ ಹೊಲ. ಕಡಲು ದಾಟಿ ಮಾರಾಟಕ್ಕೆ ಬರುವ ಬೆಳೆ, ಮರ, ಎಣ್ಣೆ, ಮಾಂಸ ಇವುಗಳಿಗಾಗಿ ಲೋಕದ ಯಾವ ಮೂಲೆಯಲ್ಲಿ ಎಷ್ಟು ನೆಲ ದುಡಿಯುತ್ತಿದೆ ಎಂದು ಅಳೆದು ಹೇಳುವುದೇ ಅಲ್ಲಿಯ ಕೆಲಸ. ಅಂಥ ಕಡೆ ವರ್ಷಗಟ್ಟಲೆ ಕೂತವರ ತಲೆ ಏನಾಗಬೇಕೋ ಅಳತೆಯಮ್ಮನ ತಲೆಯೂ ಅದೇ ಆಗಿತ್ತು. ಯಾರದೇ ಮನೆಗೆ ಹೋಗಲಿ, ಕಾಫಿ ಕಪ್ಪು ಕೈಗೆ ಬಂದ ಕೂಡಲೇ ಅವಳ ಬಾಯಿಂದ “ಒಂದು ದಿಂಬಿನಗಲ ನೆಲ” ಎಂದು ಬಂದುಬಿಡುತ್ತಿತ್ತು. ಕೊಟ್ಟವರು ಗಾಬರಿಯಾಗಿ, ಸಕ್ಕರೆ ಕಮ್ಮಿಯಾಯಿತೇ ಎಂದು ಕೇಳುತ್ತಿದ್ದರು.

ಅಳತೆಯಮ್ಮ ಎಂದು ಹೆಸರಿಟ್ಟವರು ಅವಳ ಅತ್ತೆ. ಹುಟ್ಟಿದಾಗ ಇಟ್ಟ ಹೆಸರು ಬೇರೆ ಇತ್ತು. ಆದರೆ ಅತ್ತೆ ಇಟ್ಟ ಹೆಸರಿಗಿರುವ ಅಂಟು ಯಾವ ಗೋಂದಿಗೂ ಇರುವುದಿಲ್ಲ. ಮೂರನೆಯ ಮಹಡಿಯ ಬಾಡಿಗೆ ಮನೆಯ ಎರಡು ಕೋಣೆಗಳಲ್ಲಿ ನಾಲ್ಕು ಜನ: ಅವಳು, ಕನ್ನಡಕದ ಅಂಗಡಿ ನಡೆಸುವ ಗಂಡ, ಲಿಫ್ಟ್ ರಿಪೇರಿ ಮಾಡುವ ಮೈದುನ, ಮತ್ತು ಅತ್ತೆ. ಗಂಡ ಊರಿನವರ ಕಣ್ಣು ಸರಿಮಾಡುತ್ತಿದ್ದ, ತಾಯಿಯ ವಿಷಯದಲ್ಲಿ ಮಾತ್ರ ತನ್ನ ಕಣ್ಣು ಮುಚ್ಚಿಕೊಂಡಿರುತ್ತಿದ್ದ. ಗೋಡೆಯಾಚೆ ಹಲ್ಲಿನ ಡಾಕ್ಟರಮ್ಮ. ಒಂಟಿ ಜೀವ, ಮೆಲು ಮಾತು, ಬೆಳಗಿನ ಹೊತ್ತು ಒಂದು ಸಣ್ಣ ಬ್ರೆಡ್ಡು ತೆಗೆದುಕೊಂಡು ಬಂದರೆ ಅದು ಮೂರು ದಿನಕ್ಕಾಗುತ್ತಿತ್ತು.

ಅಳತೆಯಮ್ಮನ ನೌಕರಿ ಹಂಗಾಮಿ. ವರ್ಷಕ್ಕೊಮ್ಮೆ ನಿರ್ದೇಶಕರ ಮುಂದೆ ನಿಂತು, ಇನ್ನೊಂದು ವರ್ಷ ಎಂದು ಸಹಿ ಹಾಕಿಸಿಕೊಂಡು ಬರಬೇಕು. ಅವಳ ಕೈಕೆಳಗೆ ಕೆಲಸ ಕಲಿತವರು ಖಾಯಂ ಆಗಿ, ಕುರ್ಚಿ ಬದಲಾಯಿಸಿ, ಈಗ ಅವಳಿಗೇ ಕೆಲಸ ಹೇಳುತ್ತಿದ್ದರು. ಹೊಟ್ಟೆ ಉರಿಯುತ್ತಿರಲಿಲ್ಲ ಎಂದರೆ ಸುಳ್ಳಾದೀತು. ಚೆನ್ನಾಗಿಯೇ ಉರಿಯುತ್ತಿತ್ತು. ಆದರೆ ಈ ಸಲ ಅವಳ ಕೈಯಲ್ಲಿ ತನ್ನದೇ ಒಂದು ನಿಯಮ ಇತ್ತು, ಅದರ ಮೇಲೆ ಅವಳ ಖಾಯಂ ಕುರ್ಚಿ ನಿಂತಿತ್ತು.

ನಿಯಮ ಸರಳ. ಜನರನ್ನು ಕೇಳಬೇಡಿ, ಜನ ಸುಳ್ಳು ಹೇಳುತ್ತಾರೆ. ಬಾಗಿಲನ್ನು ಕೇಳಿ. ಮನೆಯ ಬಾಗಿಲು ದಾಟಿ ಒಳಗೆ ಬಂದದ್ದೆಲ್ಲ ಆ ಮನೆಯ ಲೆಕ್ಕ. ಅದೇ ರೀತಿ, ಬಂದರಿನಲ್ಲಿ ಇಳಿದ ಸರಕೆಲ್ಲ ಆ ಬಂದರಿನ ಲೆಕ್ಕ. ನಿರ್ದೇಶಕರಿಗೆ ಇದು ಬಹಳ ಹಿಡಿಸಿತು. ತಮಗೂ ಅರ್ಥವಾಗುವ ನಿಯಮ ಆ ಕಚೇರಿಯಲ್ಲಿ ಅವರು ಕಂಡದ್ದು ಇದೇ ಮೊದಲು. ಹೊರಗಿನಿಂದ ಮೂವರು ಪರೀಕ್ಷಕರು ಬಂದು ನೋಡಿ ಒಪ್ಪಿದರೆ ನಿಯಮ ಎಲ್ಲ ಕಡೆ ಜಾರಿ, ಅಳತೆಯಮ್ಮ ಖಾಯಂ.

ಪರೀಕ್ಷೆಗೆ ಎರಡು ಮನೆ ಬೇಕಾಗಿದ್ದವು. ಅವಳ ಮನೆ ಒಂದಾಯಿತು, ಹೋಲಿಸಿ ನೋಡಲು ಡಾಕ್ಟರಮ್ಮನ ಮನೆ. ಎರಡೂ ಹೊಸ್ತಿಲ ಒಳಗೆ ಒಂದೊಂದು ತೂಕದ ಯಂತ್ರ ಕೂತಿತು. ಕಡಲು ದಾಟಿ ಬಂದ ಯಾವ ಸರಕು ಮನೆಗೆ ತಂದರೂ ಅದರ ಮೇಲಿಡಬೇಕು. ಯಂತ್ರ ತೂಗಿ, ಕೀಚ್ ಎಂದು ಕೂಗಿ, ಅದರ ಹಿಂದಿನ ನೆಲ ಎಷ್ಟೆಂದು ಕಚೇರಿಗೆ ತಿಳಿಸುತ್ತಿತ್ತು. ಅತ್ತೆ ಅದಕ್ಕೆ ಮೊದಲ ದಿನವೇ ‘ಚಾಡಿಕೋರ’ ಎಂದು ಹೆಸರಿಟ್ಟರು.

ಮೊದಲ ತಿಂಗಳ ಅಂಕಿ ಬಂದಾಗ ಅಳತೆಯಮ್ಮನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಕಾಫಿಪುಡಿ, ಚಾಕೊಲೇಟು, ಬೆಣ್ಣೆ ಬಿಸ್ಕತ್ತು, ಮೈದುನನ ಮಾಂಸದ ಡಬ್ಬಿಗಳು, ಗಂಡನ ಹತ್ತಿ ಅಂಗಿಗಳು. ಲೋಕದ ನೆಲ ಅಳೆಯುವವಳ ಮನೆಯೇ ಎರಡರಲ್ಲಿ ಭಾರದ ಮನೆ.

“ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ, ನಿಮ್ಮ ಮನೆ ನೋಡೇ ಹೇಳಿರ್ಬೇಕು,” ಎಂದರು ನಿರ್ದೇಶಕರು. “ಪರೀಕ್ಷಕರು ಇದನ್ನ ನೋಡಿ ನಕ್ಕರೆ ನಿಮ್ಮ ನಿಯಮಾನೂ ಹೋಯ್ತು, ನಿಮ್ಮ ಕುರ್ಚೀನೂ ಹೋಯ್ತು. ಮನೆಯವರಿಗೆ ಸ್ವಲ್ಪ ಹೇಳಿ.”

ಅವರು ಇನ್ನೊಂದು ವಿಷಯಕ್ಕೂ ಹುಬ್ಬು ಗಂಟಿಕ್ಕಿದರು. ಬಂದರುಗಳ ಅಂಕಿಯಲ್ಲಿ ಎಲ್ಲರಿಗಿಂತ ಮೇಲೆ ಬಂದದ್ದು ಒಂದು ಬಂಡೆಯ ದ್ವೀಪ. ಅಲ್ಲಿ ಹುಲ್ಲು ಬೆಳೆಯುವುದೂ ಕಷ್ಟ, ಜನವೂ ಬೆರಳೆಣಿಕೆ. ಆದರೆ ಅಂಕಿಯ ಪ್ರಕಾರ ಅರ್ಧ ಲೋಕದ ಕೋಕೋ, ಮರ, ಕಾಫಿಯ ಭಾರವೆಲ್ಲ ಅವರ ತಲೆಯ ಮೇಲೆ.

“ಇವರೇನು ಚಾಕೊಲೇಟಲ್ಲೇ ಸ್ನಾನ ಮಾಡ್ತಾರಾ?”

“ತಿಂಡಿಪೋತ ಜನ ಇರ್ಬೇಕು ಸಾರ್,” ಎಂದಳು ಅಳತೆಯಮ್ಮ. ತನ್ನ ಕೂಸು ಯಾರಿಗೆ ಕುರೂಪವಾಗಿ ಕಂಡೀತು? ನಿಯಮ ತಪ್ಪಿರಬಹುದು ಎಂಬ ಯೋಚನೆ ಅವಳ ತಲೆಯ ಹತ್ತಿರವೂ ಸುಳಿಯಲಿಲ್ಲ.

ಆ ಸಂಜೆ ಅವಳು ಮನೆಯವರನ್ನೆಲ್ಲ ಅಡುಗೆಮನೆಯಲ್ಲಿ ಕೂರಿಸಿ ವಿಷಯ ಹೇಳಿದಳು. ಹೇಳುತ್ತ ಹೇಳುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಷ್ಟು ವರ್ಷ ಹಂಗಾಮಿಯಾಗಿ ಬಾಳಿದ್ದು ಸಾಕು, ಈ ಒಂದು ಸಲ ನೀವೆಲ್ಲ ಬಾಯಿ ಕಟ್ಟಿದರೆ ನನ್ನ ಬಾಳು ನೆಟ್ಟಗಾಗುತ್ತದೆ ಎಂದಳು. ಮೈದುನ ತಲೆ ತಗ್ಗಿಸಿದ. ಗಂಡ ಕನ್ನಡಕ ತೆಗೆದು ಒರೆಸಿದ. ಅತ್ತೆ ಮಾತ್ರ ಸೊಸೆಯ ಮುಖವನ್ನೇ ನೋಡುತ್ತ ಕೂತಿದ್ದರು.

“ಬಾಗಿಲು ದಾಟಿ ಒಳಗೆ ಬಂದದ್ದು ಮಾತ್ರ ಲೆಕ್ಕಾನಾ?” ಎಂದು ಕೇಳಿದರು.

“ಅಷ್ಟೇ ಅತ್ತೆ.”

“ನಮ್ಮ ಬಾಗಿಲು?”

“ಹೂಂ, ನಮ್ಮ ಬಾಗಿಲು.”

“ಆಯ್ತು ಬಿಡು. ಇವತ್ತಿಂದ ನಾನು ಕಾಫಿ ಬಿಟ್ಟೆ,” ಎಂದರು ಅತ್ತೆ.

ಅಳತೆಯಮ್ಮ ಅತ್ತುಬಿಟ್ಟಳು. ಕಾಫಿಯಿಲ್ಲದೆ ಹಾಸಿಗೆಯಿಂದ ಕಾಲು ಕೆಳಗಿಡದ ಹೆಂಗಸು ತನಗಾಗಿ ಇಂಥ ತ್ಯಾಗ ಮಾಡುತ್ತಾಳಲ್ಲ ಎಂದು. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಪೈಕಿ ಅತ್ತೆ ಎಂಬುದನ್ನು, ಇಷ್ಟು ವರ್ಷ ಜೊತೆಗಿದ್ದೂ, ಆ ಕ್ಷಣದಲ್ಲಿ ಅವಳು ಮರೆತಿದ್ದಳು.

ಮುಂದಿನ ತಿಂಗಳು ಅವಳ ಮನೆಯ ಅಂಕಿ ದೊಪ್ಪನೆ ಕೆಳಗಿಳಿಯಿತು. ಅದರ ಮುಂದಿನ ತಿಂಗಳು ಇನ್ನೂ ಕೆಳಗೆ. ಚಾಡಿಕೋರ ದಿನಗಟ್ಟಲೆ ತುಟಿ ಬಿಚ್ಚುತ್ತಿರಲಿಲ್ಲ. ನಿರ್ದೇಶಕರು ಅವಳ ಮನೆಯ ಅಂಕಿ ಇಳಿಯುವ ಗೆರೆಯನ್ನು ದೊಡ್ಡದಾಗಿ ಬರೆಸಿ ಕಚೇರಿಯ ಗೋಡೆಗೆ ಹಚ್ಚಿದರು. ಮನೆಯಲ್ಲಿ ಅತ್ತೆ ಅವಳ ಮುಂದೆ ಬೇಯಿಸಿದ ಗೆಣಸು, ಸೊಪ್ಪು, ಬಿಸಿನೀರು ಇಟ್ಟು, “ನಮ್ದೆಲ್ಲ ಆಯ್ತು ಕಣೇ, ನೀನು ತಿನ್ನು,” ಎನ್ನುತ್ತಿದ್ದರು. ಅವಳು ತಿಂದಳು. ಹೊಟ್ಟೆ ತಾಳ ಹಾಕಿದರೂ ಮನಸ್ಸು ತುಂಬಿತ್ತು. ವಿಚಿತ್ರವೆಂದರೆ, ಬಳೆ ಸಡಿಲವಾದದ್ದು ಅವಳ ಕೈಯಲ್ಲಿ ಮಾತ್ರ. ಗಂಡ ಬೆಲ್ಟಿಗೆ ಹೊಸ ತೂತು ಹಾಕಿಸಿಕೊಂಡ, ಅದೂ ಹೊರಗಡೆಗೆ.

“ಗೆಣಸು ಊತ ಬರಿಸುತ್ತಂತೆ,” ಎಂದ. ಕೇಳದೆಯೇ ಹೇಳಿದ.

ಅದೇ ಹೊತ್ತಿಗೆ ಡಾಕ್ಟರಮ್ಮನ ಅಂಕಿ ಆಕಾಶಕ್ಕೇರಿತು. ಒಂಟಿ ಹೆಂಗಸಿನ ಮನೆಗೆ ಕಾಫಿಪುಡಿಯ ದೊಡ್ಡ ಪೊಟ್ಟಣಗಳು, ಚಾಕೊಲೇಟಿನ ಕಟ್ಟುಗಳು, ಮಾಂಸದ ಡಬ್ಬಿಗಳು, ಒಂದು ಸಲವಂತೂ ದೂರದ ಕಾಡಿನ ಗಟ್ಟಿ ಮರದ ಮಂಚ. ಡಾಕ್ಟರಮ್ಮ ಸುಳ್ಳು ಹೇಳಲು ಬಾರದ ಜೀವ, ಬಂದದ್ದನ್ನೆಲ್ಲ ಚಾಚೂತಪ್ಪದೆ ತೂಕಕ್ಕಿಟ್ಟಿದ್ದರು. ಕಚೇರಿಯಲ್ಲಿ ನಗುವೋ ನಗು. ಊರಿಗೆಲ್ಲ ಸಿಹಿ ತಿನ್ನಬೇಡಿ ಎನ್ನುವ ಹಲ್ಲಿನ ಡಾಕ್ಟರು!

ನಿರ್ದೇಶಕರಿಗೆ ಇದು ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತಾಯಿತು. “ಪರೀಕ್ಷಕರನ್ನ ಎರಡೂ ಮನೆಗೆ ಕರ್ಕೊಂಡು ಹೋಗ್ತೀನಿ. ಮೊದಲು ಆ ತಿಂಡಿಪೋತ ಡಾಕ್ಟರ ಮನೆ, ಆಮೇಲೆ ನಿಮ್ಮ ಹಗುರ ಮನೆ. ನಿಯಮ ತಾನೇ ಮಾತಾಡುತ್ತೆ,” ಎಂದರು. ಅಳತೆಯಮ್ಮನಿಗೆ ಒಂದು ಕಡೆ ಖುಷಿ, ಒಂದು ಕಡೆ ಕಸಿವಿಸಿ. ಡಾಕ್ಟರಮ್ಮನಿಗೆ ಒಂಟಿತನದಲ್ಲಿ ಏನೋ ತಿನ್ನುವ ಕಾಯಿಲೆ ಅಂಟಿಕೊಂಡಿದೆ ಎಂದುಕೊಂಡು ಪಾಪ ಎನ್ನಿಸಿತು. ಆದರೆ ಲಿಫ್ಟಿನಲ್ಲಿ ಸಿಕ್ಕಾಗ ನೋಡಿದರೆ ಆಕೆಯ ಮುಖ ಹಿಂದೆಂದಿಗಿಂತ ಗೆಲುವಾಗಿತ್ತು.

ಪರೀಕ್ಷಕರು ಬರುವ ಹಿಂದಿನ ದಿನ, ಮನೆ ಓರಣ ಮಾಡಿಕೊಳ್ಳಿ ಎಂದು ನಿರ್ದೇಶಕರು ಅವಳನ್ನು ಮಧ್ಯಾಹ್ನವೇ ಕಳಿಸಿದರು. ಬಂದು ನೋಡಿದರೆ ಮನೆ ಖಾಲಿ. ಒಲೆ ತಣ್ಣಗಿತ್ತು. ಅತ್ತೆಯ ಚಪ್ಪಲಿಯಿಲ್ಲ. ಅಂಗಡಿಯಲ್ಲಿರಬೇಕಾದ ಗಂಡನ ಕೊಡೆ ಮೂಲೆಯಲ್ಲಿತ್ತು. ಅಷ್ಟರಲ್ಲಿ ಗೋಡೆಯಾಚೆಯಿಂದ ಒಂದು ಸೀನು ಕೇಳಿಸಿತು. ಮದುವೆಯಾದಾಗಿನಿಂದ ಪಕ್ಕದಲ್ಲೇ ಕೇಳಿದ ಸೀನು, ಮೊದಲು ಎರಡು ಚಿಕ್ಕವು, ಆಮೇಲೆ ಕಿಟಕಿ ಅದುರಿಸುವ ಒಂದು.

ಅವಳು ಪಕ್ಕದ ಮನೆಯ ಬಾಗಿಲು ಬಡಿದಳು. ತೆರೆದದ್ದು ಡಾಕ್ಟರಮ್ಮ. ಅವರ ಮುಖದ ಬಣ್ಣ ಹೋಯಿತು. ಅವರ ಹೆಗಲ ಮೇಲಿಂದ ಅಳತೆಯಮ್ಮ ಎಲ್ಲವನ್ನೂ ಕಂಡಳು. ಊಟದ ಮೇಜಿನ ತಲೆಯಲ್ಲಿ ಅತ್ತೆ, ಕೈಯಲ್ಲಿ ಹೊಗೆಯಾಡುವ ಕಾಫಿ. ಪಕ್ಕದಲ್ಲಿ ಗಂಡ, ಮೀಸೆಗೆ ಚಾಕೊಲೇಟು. ಗೋಡೆಯ ಬದಿಗೆ ಹೊಚ್ಚ ಹೊಸ ಮರದ ಮಂಚ, ಅದರ ಮೇಲೆ ಗೊರಕೆ ಹೊಡೆಯುತ್ತಿರುವ ಮೈದುನ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಹಾಗೆ, ಅವಳು ಬಾಯಿ ತೆರೆಯುವ ಮುನ್ನವೇ ಗಂಡ ಮೀಸೆ ಒರೆಸಿಕೊಂಡ.

“ಅತ್ತೆ!”

“ಯಾಕೆ ಕಿರುಚ್ತೀಯಾ? ಮಲಗಿರೋನು ಎದ್ದಾನು,” ಎಂದರು ಅತ್ತೆ. “ನಿನ್ನ ನಿಯಮ ಮುರಿದಿದ್ದೀವಾ ಹೇಳು. ನಮ್ಮ ಬಾಗಿಲು ದಾಟಿ ಒಂದು ಚೂರೂ ಬಂದಿಲ್ಲ. ಎಲ್ಲ ಇವರ ಬಾಗಿಲಿಂದಾನೇ ಬಂದಿದ್ದು, ಇವರ ಚಾಡಿಕೋರನಿಗೆ ಹೇಳೇ ಬಂದಿದ್ದು.”

“ನೀವು ಕಾಫಿ ಬಿಟ್ಟೆ ಅಂದ್ರಿ. ನಾನು ಅತ್ತುಬಿಟ್ಟೆ!” ಎಂದಳು ಅಳತೆಯಮ್ಮ. “ಎರಡು ತಿಂಗಳಿಂದ ಗೆಣಸು ತಿಂತಾ ಇದ್ದೀನಿ!”

“ನಮ್ಮ ಮನೇಲಿ ಬಿಟ್ಟಿದ್ದೀನಲ್ಲೇ. ನೀನು ನಿಯತ್ತಿನ ಹುಡುಗಿ, ನಿಂಗೆ ಹೇಳಿದ್ರೆ ಕೆಟ್ಟೋಗ್ತಿತ್ತು. ಗೆಣಸು ಒಳ್ಳೇದೇ, ಬಿಡು.” ಆಮೇಲೆ ದನಿ ಇಳಿಸಿ, “ನೀನು ಅವತ್ತು ಅತ್ತಿದ್ದು ನೋಡಿ ನಂಗೆ ತಡ್ಕೊಳ್ಳೋಕಾಗ್ಲಿಲ್ಲ. ನಂಗೆ ಬೇರೆ ದಾರಿ ಗೊತ್ತಾಗ್ಲಿಲ್ಲ ಕಣೇ,” ಎಂದರು.

ಡಾಕ್ಟರಮ್ಮ ಮೆಲ್ಲಗೆ ಹೇಳಿದರು: “ಅಮ್ಮಂಗೆ ಬೈಬೇಡಿ. ನನಗೇನೂ ಬೇಜಾರಿಲ್ಲ. ಈ ಮೇಜಿಗೆ ಆರು ಕುರ್ಚಿ ತಂದಿದ್ದೆ, ಯಾವತ್ತೂ ಐದು ಖಾಲೀನೇ ಇರ್ತಿದ್ವು.”

ಅಳತೆಯಮ್ಮ ದೊಪ್ಪನೆ ಖಾಲಿ ಕುರ್ಚಿಯೊಂದರಲ್ಲಿ ಕೂತಳು. ಅತ್ತೆ ಅವಳ ಮುಂದೆ ಕಾಫಿ ಸರಿಸಿದರು. ಸಿಟ್ಟಿನಲ್ಲೇ ಕುಡಿದಳು. ಸ್ವರ್ಗದಂತಿತ್ತು, ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು. ಎದುರಿಗೆ, ಬಾಗಿಲ ಬಳಿ, ಡಾಕ್ಟರಮ್ಮನ ಯಂತ್ರ ತಾನು ಹೊತ್ತ ಭಾರವನ್ನು ಅಂಕಿಯಲ್ಲಿ ತೋರಿಸುತ್ತ ನಿಂತಿತ್ತು. ತಿಂದವರು ಇವರು, ಹೊತ್ತವರು ಅವರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆಗ, ಕಪ್ಪು ತುಟಿಯಲ್ಲಿರುವಾಗಲೇ, ಬಂಡೆಯ ದ್ವೀಪ ನೆನಪಾಯಿತು. ಅಲ್ಲಿಯ ಜನ ತಿಂಡಿಪೋತರಲ್ಲ. ಅಲ್ಲಿ ಸರಕು ಇಳಿಯುತ್ತದೆ, ಹಡಗು ಬದಲಾಯಿಸುತ್ತದೆ, ಬೇರೆಯವರ ಮನೆಗೆ ಹೋಗುತ್ತದೆ. ಅದು ಬರೀ ಡಾಕ್ಟರಮ್ಮನ ಮೇಜು. ಆ ಮೇಜಿನ ಸುತ್ತ ಕೂತು ತಿಂದು ಬಾಯಿ ಒರೆಸಿಕೊಂಡು ಹೋಗುವ ದೇಶಗಳೆಲ್ಲ ಅವಳ ನಿಯಮದಲ್ಲಿ ಹಗುರ ಮನೆಗಳು.

“ನಾಳೆ ಒಂದು ದಿನ ಸುಮ್ನಿರು,” ಎಂದರು ಅತ್ತೆ. “ಖಾಯಂ ಆಗ್ಲಿ. ಆಮೇಲೆ ನಿನ್ನ ನಿಯಮಾನ ನೀನೇ ರಿಪೇರಿ ಮಾಡ್ಕೋ.”

ಬಿಸಿ ತುಪ್ಪ. ಉಗುಳುವಂತಿಲ್ಲ, ನುಂಗುವಂತಿಲ್ಲ. ನಿಜ ಹೇಳಬೇಕೆಂದರೆ, ಸುಮ್ಮನಿರುವುದೇ ಒಳ್ಳೆಯದು ಎಂದುಕೊಂಡೇ ಅವಳು ಅಂದು ಮಲಗಿದಳು.

ಬೆಳಗ್ಗೆ ಮೂವರು ಪರೀಕ್ಷಕರು ಬಂದರು. ಹಿರಿಯಾಕೆ ಬೆಳ್ಳಿ ಕೂದಲಿನ, ಕಮ್ಮಿ ಮಾತಿನ ಹೆಂಗಸು. ಇನ್ನಿಬ್ಬರು ಗಂಡಸರು, ಅದರಲ್ಲಿ ಒಬ್ಬ ಸುಮ್ಮಸುಮ್ಮನೆ ನಗುವವನು. ನಿರ್ದೇಶಕರು ಎಲ್ಲರನ್ನೂ ನೇರ ಡಾಕ್ಟರಮ್ಮನ ಹಜಾರಕ್ಕೆ ಕರೆತಂದು, ಸಾಕ್ಷಿ ಹೇಳುವ ದನಿಯಲ್ಲಿ ಅಂಕಿ ಓದಿದರು. ಇಷ್ಟು ಕಾಫಿ. ಇಷ್ಟು ಚಾಕೊಲೇಟು. ಇಷ್ಟು ಮಾಂಸ. ಒಂದು ಮಂಚ.

“ಇಷ್ಟೆಲ್ಲ ನೀವೊಬ್ಬರೇನಾ?” ಎಂದು ಹಿರಿಯಾಕೆ ಕೇಳಿದರು.

ಡಾಕ್ಟರಮ್ಮ ಸೆರಗಿನ ಅಂಚು ಹಿಡಿದು ನಿಂತಿದ್ದರು. ಅಳತೆಯಮ್ಮನತ್ತ ಒಂದು ಸಲ ನೋಡಿ, ಕಣ್ಣು ಕೆಳಗಿಳಿಸಿದರು. “ಹೌದು,” ಎಂದರು. “ನನಗೆ ಹಸಿವು ಜಾಸ್ತಿ.”

ನಗುವವನು ನಕ್ಕ. “ಹಲ್ಲಿನ ಡಾಕ್ಟರು ಬೇರೆ!” ಎಂದ.

ಆ ನಗು ಅಳತೆಯಮ್ಮನ ಎದೆಗೆ ನಾಟಿತು. ಹುಟ್ಟಿದಾಗಿನಿಂದ ಸುಳ್ಳು ಹೇಳದ ಹೆಂಗಸು ತನ್ನ ಕುರ್ಚಿಗಾಗಿ ಮೊದಲ ಸುಳ್ಳು ಹೇಳಿದ್ದಳು, ಅದನ್ನೂ ಎಷ್ಟು ಕೆಟ್ಟದಾಗಿ ಹೇಳಿದ್ದಳು. ಖಾಯಂ ಕುರ್ಚಿ ಒಂದು ಗೋಡೆಯಾಚೆ ಇತ್ತು. ಅದರ ಕಾಲುಗಳು ಡಾಕ್ಟರಮ್ಮನ ಬೆನ್ನ ಮೇಲಿದ್ದವು.

“ಅದು ಅವರ ನೆಲ ಅಲ್ಲ,” ಎಂದಳು ಅಳತೆಯಮ್ಮ. “ನಮ್ಮದು. ನಮ್ಮ ಮನೆಯವರು ಇಲ್ಲಿ ಬಂದು ತಿಂದಿದ್ದು. ನಿನ್ನೆ ನಾನೂ ಇಲ್ಲೇ ಕಾಫಿ ಕುಡಿದೆ. ನನ್ನ ನಿಯಮ ತಪ್ಪು. ಅದು ತಿಂದ ಬಾಯನ್ನು ಬಿಟ್ಟು ಬಾಗಿಲಿಗೆ ಬರೆ ಹಾಕುತ್ತೆ. ಆ ದ್ವೀಪದವರಿಗೂ ಹೀಗೇ ಮಾಡಿದ್ದೀನಿ.”

ನಿರ್ದೇಶಕರ ಕೈಲಿದ್ದ ಹಾಳೆಗಳು ಒಂದೊಂದಾಗಿ ಜಾರಿದವು. ಆಗ ಬಾಗಿಲ ಕಡೆಯಿಂದ ಅತ್ತೆಯ ದನಿ ಬಂತು. ಅವರು ಕದ್ದು ಕೇಳುತ್ತಿದ್ದರು ಎಂದು ಬೇರೆ ಹೇಳಬೇಕಾಗಿಲ್ಲ.

“ಅವಳದ್ದೇನಿಲ್ಲ ತಾಯಿ, ಎಲ್ಲ ನಂದು! ಕಾಫಿ, ಚಾಕೊಲೇಟು ಎಲ್ಲ ನಾನೇ ತಿಂದಿದ್ದು. ಇವಳು ಗೆಣಸು ತಿಂದ್ಕೊಂಡಿದ್ದಳು.”

“ಚಾಕೊಲೇಟು ನಂದು,” ಎಂದ ಗಂಡ, ಅವರ ಹಿಂದಿನಿಂದ. “ಅಮ್ಮ ಬರೀ ರುಚಿ ನೋಡಿದ್ದು.”

“ಮಂಚ, ಮಾಂಸ ನಂದು. ಅತ್ತಿಗೇದೇನೂ ಇಲ್ಲ. ಬಿಸ್ಕತ್ತೂ ನಂದೇ,” ಎಂದ ಮೈದುನ.

“ಬಿಸ್ಕತ್ತು ನಾನೂ ತಿಂದೆ,” ಎಂದರು ಡಾಕ್ಟರಮ್ಮ, ಬಹಳ ಸಂತೋಷದಿಂದ. “ಕಾಫೀನೂ ಕುಡಿದೆ. ಅರ್ಧ ನನ್ನ ಹೆಸರಿಗೇ ಇರಲಿ.”

ಗದ್ದಲ ಎದ್ದಿತು. ಎರಡು ತಿಂಗಳು ನೆಲವನ್ನು ಪಕ್ಕದ ಮನೆಗೆ ತಳ್ಳಿದವರು ಈಗ ನನ್ನದು ನನ್ನದು ಎಂದು ಕಿತ್ತಾಡಿಕೊಂಡರು. ಹಿರಿಯಾಕೆ ಬೆರಳು ಮಡಿಸುತ್ತ ಎಲ್ಲ ಕೇಳಿಸಿಕೊಂಡರು.

“ಇದೊಳ್ಳೆ ಕಥೆ,” ಎಂದರು. “ಬಂದ ನೆಲಕ್ಕಿಂತ ಒಪ್ಪಿಕೊಂಡ ನೆಲವೇ ಜಾಸ್ತಿ ಆಯ್ತಲ್ಲ.” ಆಮೇಲೆ ಅಳತೆಯಮ್ಮನತ್ತ ತಿರುಗಿದರು. ನಗಲಿಲ್ಲ. “ನಿಮ್ಮ ನಿಯಮ ಬಿದ್ದುಹೋಯ್ತು. ಖಾಯಂ ಮಾತು ಇವತ್ತು ಆಡಲ್ಲ. ಬಾಗಿಲು ಬಿಡಿ, ಬಾಯಿಗಳನ್ನ ಕೇಳಿ ಲೆಕ್ಕ ತನ್ನಿ, ಈ ಎರಡು ಮನೆಯಿಂದಲೇ ಶುರು ಮಾಡಿ. ಯಂತ್ರದ ತೂಕ ನಮ್ಮ ಹತ್ರ ಇದೆ. ಜನ ಹೇಳಿದ್ದು ಅದಕ್ಕೆ ಕೂಡಿಬಂದ್ರೆ ನಿಮ್ಮ ಕೆಲಸದ ವಿಷಯ ಮಾತಾಡೋಣ. ಕೂಡಿಬರದಿದ್ರೆ ಜನರನ್ನ ಕೇಳಿ ಪ್ರಯೋಜನ ಇಲ್ಲ ಅಂತಾಯ್ತು. ನಿಮ್ಮ ಕೆಲಸವೂ ಅಲ್ಲಿಗೆ ಮುಗೀತು.”

ಹೀಗೆ ಅಳತೆಯಮ್ಮನ ಅನ್ನ ಹೋಗಿ ಅತ್ತೆಯ ನಾಲಗೆಯ ಮೇಲೆ ಕೂತಿತು. ಅದಕ್ಕಿಂತ ಅಪಾಯದ ಜಾಗ ಲೋಕದಲ್ಲಿ ಇನ್ನೊಂದಿರಲಿಲ್ಲ.

ಮಿಕ್ಕವರ ಸರದಿ ಬೇಗ ಮುಗಿಯಿತು. ಅತ್ತೆಯ ಸರದಿ ಬಂದಾಗ ಇಬ್ಬರೂ ತಮ್ಮ ಅಡುಗೆಮನೆಯಲ್ಲಿ ಎದುರುಬದುರು ಕೂತರು. ಅತ್ತೆ ಕಾಫಿ ಹಿಡಿದುಕೊಂಡಿದ್ದರು. ಮುಖ ಮಾತ್ರ ಎಂದಿನಂತಿರಲಿಲ್ಲ.

“ನಮ್ಮಿಂದ ನಿನ್ನ ಖಾಯಂ ಹೋಯ್ತು,” ಎಂದರು.

“ನನ್ನ ಬಾಯಿಂದ ಹೋಯ್ತು ಅತ್ತೆ. ಪರವಾಗಿಲ್ಲ.”

“ನಿಜ ಹೇಳಿದ್ರೆ ಕೆಲಸ ಉಳಿಯುತ್ತಾ?”

“ಗೊತ್ತಿಲ್ಲ.”

“ಸುಳ್ಳು ಹೇಳಿದ್ರೆ?”

“ಖಂಡಿತ ಹೋಗುತ್ತೆ.”

ಅತ್ತೆ ಒಂದು ದೊಡ್ಡ ಉಸಿರು ಬಿಟ್ಟರು. ಆಮೇಲೆ ಹೇಳತೊಡಗಿದರು. ಕಾಫಿ, ಬಿಸ್ಕತ್ತು, ಚಾಕೊಲೇಟು. ಮೈದುನ ಕಳೆದುಹೋಯಿತು ಎಂದು ಹುಡುಕಿದ ಡಬ್ಬಿ. ಗಂಡನ ಜೇಬಿನಿಂದ ತೆಗೆದು ತಿಂದ ಮಿಠಾಯಿ. ಡಾಕ್ಟರಮ್ಮನ ಮನೆಗೆ ಬರೀ ಮಾತಾಡಲು ಹೋಗಿ ತಿಂದುಬಂದದ್ದು. ಕೇಳದ್ದನ್ನೂ ಹೇಳಿದರು. ಒಂದೊಂದು ನಿಜ ಹೊರಬರುವಾಗಲೂ ಹಲ್ಲು ಕೀಳಿಸಿಕೊಂಡವರಂತೆ ಮುಖ ಮಾಡಿಕೊಳ್ಳುತ್ತಿದ್ದರು. ಅಳತೆಯಮ್ಮನಿಗೆ ನಗು ಬಂತು, ಅದರ ಹಿಂದೆಯೇ ಈ ಹೆಂಗಸಿನ ಮೇಲೆ ಹೇಳಲಾರದಷ್ಟು ಪ್ರೀತಿ ಬಂತು.

“ಒಟ್ಟು ಎಷ್ಟಾಯ್ತು ನನ್ನ ನೆಲ?”

ಅಳತೆಯಮ್ಮ ಕೂಡಿಸಿದಳು. ವರ್ಷಕ್ಕೆ ಹೀಗೇ ತಿಂದುಂಡು ಉಟ್ಟುಕೊಂಡಿದ್ದರೆ, ಬೀದಿಯ ಕೊನೆಯ ಆಟದ ಮೈದಾನದಷ್ಟು ಎಂದಳು.

ಅತ್ತೆ ಕಿಟಕಿಯಿಂದ ಆ ಮೈದಾನದ ಕಡೆ ನೋಡಿದರು. “ನಿಮ್ಮ ಮಾವ ಒಂದು ಗೇಣು ನೆಲ, ಒಂದೇ ಗೇಣು ನಮ್ದು ಅಂತ ಇರ್ಬೇಕು ಅಂತ ಜೀವ ತೇದರು. ಬಾಡಿಗೆ ಮನೇಲೇ ಹೋದರು,” ಎಂದರು. “ಇಷ್ಟು ಜಮೀನು ನಮ್ಮ ಹೆಸರಲ್ಲಿ ಎಲ್ಲೋ ದುಡೀತಿದೆ ಅಂತ ಅವರಿಗೆ ಗೊತ್ತೇ ಇರ್ಲಿಲ್ಲ.” ಕಣ್ಣೊರೆಸಿಕೊಂಡು ಕೇಳಿದರು: “ಇದರಲ್ಲಿ ಸ್ವಲ್ಪ ವಾಪಸ್ ಕೊಡಬಹುದಾ?”

“ಕೊಡಬಹುದು ಅತ್ತೆ. ದಿನದ ಎರಡನೇ ಕಾಫಿ ಬಿಟ್ಟರೂ ಸಾಕು, ಒಂದು ಮೂಲೆ ಬಿಟ್ಟುಕೊಟ್ಟ ಹಾಗಾಗುತ್ತೆ.”

ಅತ್ತೆ ಕೈಯಲ್ಲಿದ್ದ ಕಪ್ಪನ್ನು ನೋಡಿದರು. ಸೊಸೆಯ ಮುಖ ನೋಡಿದರು. ಸುಳ್ಳೊಂದು ಅವರ ತುಟಿಯವರೆಗೂ ಬಂದು ನಿಂತದ್ದು ಅಳತೆಯಮ್ಮನಿಗೆ ಸ್ಪಷ್ಟವಾಗಿ ಕಂಡಿತು. ಅತ್ತೆ ಅದನ್ನು ಕಷ್ಟಪಟ್ಟು ನುಂಗಿಕೊಂಡರು.

“ಇದು ಎರಡನೇದಲ್ಲ ಕಣೇ, ಮೂರನೇದು,” ಎಂದರು. “ಬರ್ಕೋ.” ಮತ್ತು ಕುಡಿದು ಮುಗಿಸಿದರು.